ಕಿಕ್ ಬಡಿದಾಗ ಬೇಸ್ ಸರಿದು ನಿಲ್ಲಲಿ: ಮನೆಯ ರೆಕಾರ್ಡಿಂಗಿನಲ್ಲಿ ಸೈಡ್‌ಚೈನ್ ಕಂಪ್ರೆಷನ್

ಮನೆಯಲ್ಲಿ ಮಾಡಿದ ರೆಕಾರ್ಡಿಂಗಿನಲ್ಲಿ ಹಾಡುಗಾರಿಕೆ, ಗಿಟಾರ್, ಕೀಬೋರ್ಡ್‌ಗಳೆಲ್ಲ ತಕ್ಕಮಟ್ಟಿಗೆ ಕೂಡಿಬಂದ ಮೇಲೂ ಬಗೆಹರಿಯದೆ ಉಳಿಯುವ ತೊಡಕು ಒಂದಿದೆ. ಅದು ಕಿಕ್ ಡ್ರಮ್ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್) ಮತ್ತು ಬೇಸ್ ಗಿಟಾರ್‌ಗಳ ನಡುವಿನ ಜಗಳ. ಒಂದೊಂದನ್ನೇ ಸೋಲೋ ಮಾಡಿ ಕೇಳಿದಾಗ ಎರಡೂ ಚೆನ್ನಾಗಿಯೇ ಇರುತ್ತವೆ. ಒಟ್ಟಿಗೆ ಕೇಳಿದ ಕೂಡಲೇ ಕಿಕ್ಕಿನ ಪೆಟ್ಟು ಮೊಂಡಾಗುತ್ತದೆ, ಬೇಸಿನ ಸ್ವರಗಳು ಒಂದರೊಳಗೊಂದು ಕಲಸಿಹೋಗುತ್ತವೆ. ಆಗ ಕಿಕ್ಕಿನ ಫೇಡರನ್ನು ಏರಿಸುತ್ತೇವೆ, ಬೇಸ್ ಸಾಲದು ಅನ್ನಿಸಿ ಅದನ್ನೂ ಏರಿಸುತ್ತೇವೆ, ಇನ್ನೊಂದು ಸುತ್ತು ಕಿಕ್ಕನ್ನು ಏರಿಸುವ ಹೊತ್ತಿಗೆ ಮಾಸ್ಟರ್ ಮೀಟರ್ ಕೆಂಪಾಗಿರುತ್ತದೆ. ಈ ಏರುಪಂದ್ಯವನ್ನು ನಿಲ್ಲಿಸಲು ಇರುವ ಸಾಧನಗಳಲ್ಲಿ ಸೈಡ್‌ಚೈನ್ ಕಂಪ್ರೆಷನ್ ಒಂದು. ಅದನ್ನು ಮೊದಲಿನಿಂದ ಕೊನೆಯವರೆಗೆ ಹೇಗೆ ಹೊಂದಿಸಿಕೊಳ್ಳಬೇಕೆಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಜಗಳ ಎಲ್ಲಿ ಹುಟ್ಟುತ್ತದೆ

ನಾಲ್ಕು ತಂತಿಯ ಬೇಸ್ ಗಿಟಾರನ್ನು ಸಾಮಾನ್ಯ ಶ್ರುತಿಯಲ್ಲಿ ಇಟ್ಟಾಗ, ಬೆರಳೊತ್ತದೆ ಮೀಟಿದ ತಂತಿಗಳ ಮೂಲ ಆವರ್ತನಗಳು ಕೆಳಗಿನಿಂದ ಮೇಲಕ್ಕೆ 41.2, 55, 73.4 ಮತ್ತು 98 ಹರ್ಟ್ಸ್ ಆಗಿರುತ್ತವೆ. ಕಿಕ್ ಡ್ರಮ್ಮಿನ ಗಟ್ಟಿತನವೂ ಹೆಚ್ಚುಕಡಿಮೆ 50ರಿಂದ 80 ಹರ್ಟ್ಸ್ ನಡುವೆಯೇ ಇರುತ್ತದೆ. ಎರಡೂ ವಾದ್ಯಗಳು ಒಂದೇ ಓಣಿಯಲ್ಲಿ ಓಡಾಡುವುದರಿಂದ, ಅಲೆಗಳು ಒಂದೇ ದಿಕ್ಕಿನಲ್ಲಿ ಏರಿದ ಗಳಿಗೆಯಲ್ಲಿ ಸಮಬಲದ ಎರಡು ದನಿಗಳು ಕೂಡಿ ಮಟ್ಟ 6 ಡೆಸಿಬೆಲ್‌ವರೆಗೆ ಜಿಗಿಯಬಹುದು. ಎದುರುಬದುರಾದ ಗಳಿಗೆಯಲ್ಲಿ ಒಂದನ್ನೊಂದು ನುಂಗಿಹಾಕಬಹುದು. ಯಾವ ಪೆಟ್ಟಿಗೆ ಯಾವುದು ಆಗುತ್ತದೆಂಬುದು ಬೇಸ್ ವಾದಕ ಆ ಗಳಿಗೆಯಲ್ಲಿ ಯಾವ ಸ್ವರದಲ್ಲಿದ್ದಾನೆ, ಅದರ ಅಲೆ ಎಲ್ಲಿಗೆ ಬಂದಿದೆ ಎಂಬುದನ್ನು ಅವಲಂಬಿಸಿದೆ. ಒಂದು ಕಿಕ್ ಗುಂಡಿನಂತೆ ಬಂದು ಮುಂದಿನದು ಬತ್ತಿಹೋದಂತೆ ಕೇಳುವುದಕ್ಕೆ ಡ್ರಮ್ಮರ್ ಕಾರಣನಾಗಿರಲೇಬೇಕೆಂದಿಲ್ಲ.

ಈಕ್ವಲೈಸರ್ ಬಳಸಿ ಬೇಸಿನ 60 ಹರ್ಟ್ಸ್ ಸುತ್ತಲಿನ ಭಾಗವನ್ನು ತಗ್ಗಿಸಿದರೆ ಸ್ವಲ್ಪ ಪರಿಹಾರ ಸಿಗುತ್ತದೆ, ಆದರೆ ಆ ಕಡಿತ ಹಾಡಿನ ಉದ್ದಕ್ಕೂ ಜಾರಿಯಲ್ಲಿರುತ್ತದೆ. ಕಿಕ್ ಇರುವುದು ಒಂದು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ಮಾತ್ರ. ಅಷ್ಟು ಹೊತ್ತಿಗಾಗಿ ಬೇಸ್ ತನ್ನ ತಳವನ್ನು ಇಡೀ ಹಾಡಿಗೆ ಬಿಟ್ಟುಕೊಡಬೇಕಾದ ಅಗತ್ಯವಿಲ್ಲ. ಬೇಕಾದಾಗ ಬಿಟ್ಟುಕೊಟ್ಟು, ಕೆಲಸ ಮುಗಿದೊಡನೆ ವಾಪಸು ಪಡೆಯುವ ಏರ್ಪಾಡೇ ಸೈಡ್‌ಚೈನ್.

ದನಿ ಮಿತಿಮೀರಿ ಜೋರಾದಾಗ ತಾನಾಗಿ ತಗ್ಗಿಸುವ ಸಾಧನವೇ ಕಂಪ್ರೆಸರ್. ಅದರೊಳಗೆ ಎರಡು ದಾರಿಗಳಿವೆ. ಒಂದು, ದನಿ ಹಾದುಹೋಗುವ ದಾರಿ. ಇನ್ನೊಂದು, ಆ ದನಿ ಎಷ್ಟು ಜೋರಾಗಿದೆಯೆಂದು ಅಳೆದು ಎಷ್ಟು ತಗ್ಗಿಸಬೇಕೆಂದು ತೀರ್ಮಾನಿಸುವ ಡಿಟೆಕ್ಟರಿನ ದಾರಿ. ಸಾಮಾನ್ಯ ಬಳಕೆಯಲ್ಲಿ ಎರಡಕ್ಕೂ ಒಂದೇ ದನಿ ಹೋಗುತ್ತದೆ. ಸೈಡ್‌ಚೈನಿನಲ್ಲಿ ಡಿಟೆಕ್ಟರಿಗೆ ಕಿಕ್ಕನ್ನು ಕೇಳಿಸಿ, ತಗ್ಗಿಸುವ ಕೆಲಸವನ್ನು ಬೇಸಿನ ಮೇಲೆ ಮಾಡಿಸುತ್ತೇವೆ; ಕಿವಿ ಒಂದು ಕಡೆ, ಕೈ ಇನ್ನೊಂದು ಕಡೆ. ರೇಡಿಯೋ ನಿರೂಪಕರು ಮಾತಾಡಲು ಶುರುಮಾಡಿದಾಗ ಹಿನ್ನೆಲೆ ಸಂಗೀತ ತಾನಾಗಿ ತಗ್ಗುವುದೂ ಇದೇ ಉಪಾಯದಿಂದ. ಡಿಟೆಕ್ಟರಿಗೆ ಕೊಡುವ ದನಿಯನ್ನು ಕೀ ಎಂದು ಕರೆಯುವುದು ರೂಢಿ. ಮುಂದೆ ಅದೇ ಪದವನ್ನು ಬಳಸುತ್ತೇನೆ.

ಪ್ಲಗಿನ್ ತೆರೆಯುವ ಮೊದಲು

ಸೈಡ್‌ಚೈನ್ ಸರಿಪಡಿಸಲಾರದ ಮೂರು ಸಂಗತಿಗಳಿವೆ, ಅವನ್ನು ಮೊದಲೇ ಮುಗಿಸಿಕೊಳ್ಳಬೇಕು.

ಮೊದಲನೆಯದು ಕಾಲಪ್ರಮಾಣ. ಬೇಸಿನ ಸ್ವರ ಕಿಕ್ಕಿಗಿಂತ 20 ಮಿಲಿಸೆಕೆಂಡ್ ಮೊದಲೇ ಬಂದುಬಿಟ್ಟರೆ, ಕಂಪ್ರೆಸರ್ ಎಚ್ಚರಗೊಳ್ಳುವ ಹೊತ್ತಿಗೆ ಬೇಸಿನ ಮೀಟು ಆಗಲೇ ಹೊರಬಿದ್ದಿರುತ್ತದೆ. ಆಮೇಲೆ ತಗ್ಗಿಸಿದರೆ ಕೇಳುಗನಿಗೆ ಸಿಗುವುದು ಒಂದು ಎಡವಟ್ಟು ಕುಪ್ಪಳಿಕೆ ಮಾತ್ರ. ಎರಡೂ ಟ್ರ್ಯಾಕುಗಳನ್ನು ಒಂದರ ಕೆಳಗೊಂದು ಇಟ್ಟು, ಪರದೆಯ ಮೇಲೆ ಹಿಗ್ಗಿಸಿ, ಮುಖ್ಯ ಬೀಟುಗಳಲ್ಲಿ ಯಾವುದು ಮೊದಲು ಬರುತ್ತಿದೆಯೆಂದು ಕಣ್ಣಾರೆ ನೋಡಿಕೊಳ್ಳಬೇಕು. ಬೇಸ್ ಕಿಕ್ಕಿನ ಜೊತೆಗೆ ಅಥವಾ ಕೂದಲೆಳೆಯಷ್ಟು ಹಿಂದೆ ಬಂದರೆ ಒಳ್ಳೆಯದು. ಮುಂದೆ ಓಡಿದ ಸ್ವರಗಳನ್ನು ಕತ್ತರಿಸಿ ಹಿಂದಕ್ಕೆ ಸರಿಸಬೇಕು, ಇಲ್ಲವೇ ಆ ಭಾಗವನ್ನು ಮತ್ತೆ ನುಡಿಸಬೇಕು. ಎರಡನೆಯದೇ ಹೆಚ್ಚಿನ ಸಲ ಬೇಗ ಮುಗಿಯುತ್ತದೆಂಬುದು ನನ್ನ ಅನುಭವ.

ಎರಡನೆಯದು ಫೇಸ್, ಅಂದರೆ ಅಲೆಗಳ ಏರಿಳಿತಗಳ ಹೊಂದಾಣಿಕೆ. ಬೇಸನ್ನು ನೇರವಾಗಿ ಇಂಟರ್‌ಫೇಸಿಗೂ ಸಿಕ್ಕಿಸಿ, ಆಂಪ್ಲಿಫೈಯರಿನ ಮುಂದೆ ಮೈಕನ್ನೂ ಇಟ್ಟಿದ್ದರೆ ಇದನ್ನು ತಪ್ಪಿಸುವಂತಿಲ್ಲ. ಗಾಳಿಯಲ್ಲಿ ದನಿ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುವುದರಿಂದ, ಮೈಕ್ 34 ಸೆಂಟಿಮೀಟರ್ ದೂರದಲ್ಲಿದ್ದರೆ ಅದರ ಟ್ರ್ಯಾಕು 1 ಮಿಲಿಸೆಕೆಂಡ್ ತಡವಾಗಿರುತ್ತದೆ. 500 ಹರ್ಟ್ಸ್‌ನಲ್ಲಿ ಅಲೆಯ ಅರ್ಧ ಸುತ್ತು ಸರಿಯಾಗಿ ಅಷ್ಟೇ ಆಗುವುದರಿಂದ, ಎರಡನ್ನೂ ಕೂಡಿಸಿದಾಗ ಬೇಸಿನ ಸ್ವರ ಗುರುತಿಸಲು ನೆರವಾಗುವ ಮಧ್ಯಭಾಗದಲ್ಲಿ ಹಳ್ಳ ಬೀಳುತ್ತದೆ. ತಡವಾದ ಟ್ರ್ಯಾಕನ್ನು ಅಷ್ಟು ಮುಂದಕ್ಕೆ ಎಳೆದು, ಅಲೆಯನ್ನು ತಲೆಕೆಳಗು ಮಾಡುವ ಪೊಲಾರಿಟಿ ಗುಂಡಿಯನ್ನು ಒಮ್ಮೆ ಒತ್ತಿ, ಒಮ್ಮೆ ಬಿಟ್ಟು ಕೇಳಿ, ತಳ ತುಂಬಿಕೊಂಡು ಬರುವ ಸ್ಥಿತಿಯನ್ನು ಉಳಿಸಿಕೊಳ್ಳಬೇಕು. ಕಿಕ್ಕಿಗೆ ಒಳಗೊಂದು ಹೊರಗೊಂದು ಮೈಕ್ ಇಟ್ಟಿದ್ದರೂ ಇದೇ ಪರೀಕ್ಷೆ.

ಮೂರನೆಯದು ಚಿಕ್ಕದು: ಎರಡೂ ಟ್ರ್ಯಾಕುಗಳಲ್ಲಿ 30 ಹರ್ಟ್ಸ್‌ಗಿಂತ ಕೆಳಗಿನ ಗುಡುಗನ್ನು ಹೈಪಾಸ್ ಫಿಲ್ಟರಿನಿಂದ ತೆಗೆದುಹಾಕಿ. ಮೈಕ್ ಸ್ಟ್ಯಾಂಡಿನ ಕಂಪನ, ಕಾಲ್ತುಳಿತ ಇತ್ಯಾದಿಗಳು ಕಿವಿಗೆ ಕೇಳಿಸದಿದ್ದರೂ ಡಿಟೆಕ್ಟರಿಗೆ ಕೇಳಿಸುತ್ತವೆ.

ಕೀಯನ್ನು ಜೋಡಿಸುವುದು

ಎಲ್ಲ ರೆಕಾರ್ಡಿಂಗ್ ಸಾಫ್ಟ್‌ವೇರುಗಳಲ್ಲಿಯೂ ತತ್ತ್ವ ಒಂದೇ: ಕಂಪ್ರೆಸರನ್ನು ಬೇಸ್ ಟ್ರ್ಯಾಕಿನಲ್ಲಿ ಹಾಕಬೇಕು, ಅದರ ಸೈಡ್‌ಚೈನ್ ಇನ್‌ಪುಟ್ಟಿಗೆ ಕಿಕ್ಕನ್ನು ಕಳುಹಿಸಬೇಕು. ರೀಪರಿನಲ್ಲಿ ಕಿಕ್ ಟ್ರ್ಯಾಕಿನಿಂದ ಬೇಸ್ ಟ್ರ್ಯಾಕಿನ 3/4ನೇ ಚಾನೆಲ್ಲುಗಳಿಗೆ ಸೆಂಡ್ (ದನಿಯ ಒಂದು ಕವಲು) ಕೊಟ್ಟು, ರೀಕಾಂಪ್ ಪ್ಲಗಿನ್ನಿನ ಡಿಟೆಕ್ಟರ್ ಇನ್‌ಪುಟ್ಟನ್ನು ಆಗ್ಸಿಲಿಯರಿ ಎಂದು ಬದಲಿಸಬೇಕು. ಏಬಲ್‌ಟನ್ ಲೈವ್‌ನ ಕಂಪ್ರೆಸರಿನಲ್ಲಿ ಎಡಮೂಲೆಯ ಪುಟ್ಟ ತ್ರಿಕೋನವನ್ನು ಒತ್ತಿದರೆ ಸೈಡ್‌ಚೈನ್ ಭಾಗ ತೆರೆದುಕೊಳ್ಳುತ್ತದೆ. ಅಲ್ಲಿ ಕಿಕ್ ಟ್ರ್ಯಾಕನ್ನು ಆರಿಸಿದರಾಯಿತು. ಲಾಜಿಕ್ ಪ್ರೊದಲ್ಲಿ ಪ್ಲಗಿನ್ ಕಿಟಕಿಯ ಬಲಮೇಲ್ಭಾಗದಲ್ಲಿ ಸೈಡ್‌ಚೈನ್ ಪಟ್ಟಿಯಿರುತ್ತದೆ. ಎಫ್‌ಎಲ್ ಸ್ಟುಡಿಯೋದಲ್ಲಿ ಮಿಕ್ಸರಿನ ಕಿಕ್ ಟ್ರ್ಯಾಕನ್ನು ಆರಿಸಿಕೊಂಡು, ಬೇಸ್ ಟ್ರ್ಯಾಕಿನ ಕೆಳಗಿನ ಬಾಣದ ಮೇಲೆ ಬಲಕ್ಲಿಕ್ ಮಾಡಿ, ದನಿಯನ್ನು ಬೆರೆಸದೆ ಸೈಡ್‌ಚೈನ್ ಮಾತ್ರ ಮಾಡುವ ಆಯ್ಕೆಯನ್ನು ಹಿಡಿಯಬೇಕು. ಪ್ರೊ ಟೂಲ್ಸ್‌ನಲ್ಲಿ ಒಂದು ಬಸ್ (ದನಿ ಸಾಗಿಸುವ ಒಳದಾರಿ) ಮೂಲಕ ಸೆಂಡ್ ಕೊಟ್ಟು, ಪ್ಲಗಿನ್ನಿನ ಕೀ ಇನ್‌ಪುಟ್ಟಿನಲ್ಲಿ ಅದೇ ಬಸ್ಸನ್ನು ಆರಿಸಬೇಕು. ಅಡಾಸಿಟಿಯನ್ನಷ್ಟೇ ಬಳಸುವವರಿಗೆ ಆಟೋ ಡಕ್ ಎಂಬ ಎಫೆಕ್ಟ್ ಇದೆ. ಮಾತಿನ ಹಿಂದೆ ಸಂಗೀತ ತಗ್ಗಿಸಲು ಅದು ಸಾಕು, ಡ್ರಮ್ಮಿನ ವೇಗಕ್ಕೆ ಅದನ್ನು ಪಳಗಿಸುವುದು ಕಷ್ಟ.

ಜೋಡಣೆಯಲ್ಲಿ ಒಂದೇ ಒಂದು ಎಚ್ಚರ ಬಹು ಮುಖ್ಯವಾದದ್ದು: ಕೀ ಸೆಂಡ್ ಪ್ರಿ-ಫೇಡರ್ ಆಗಿರಬೇಕು, ಅಂದರೆ ಕಿಕ್ಕಿನ ಫೇಡರಿಗಿಂತ ಮೊದಲೇ ಕವಲೊಡೆದಿರಬೇಕು. ನಾನು ಇದನ್ನು ಕಲಿತದ್ದು ಒಂದು ಸಂಜೆಯನ್ನು ಪೂರ್ತಿ ಕಳೆದುಕೊಂಡು. ಮಿಕ್ಸ್ ಮುಗಿಯುವ ಹಂತದಲ್ಲಿ ಕಿಕ್ ಸ್ವಲ್ಪ ಜಾಸ್ತಿಯಾಯಿತೆಂದು 3 ಡೆಸಿಬೆಲ್ ಇಳಿಸಿದೆ. ಒಡನೆ ಬೇಸ್ ಉಬ್ಬಿಕೊಂಡು ಬಂತು. ಬೇಸನ್ನು ಮುಟ್ಟಿಯೇ ಇಲ್ಲವಲ್ಲ ಎಂದುಕೊಂಡು ಈಕ್ವಲೈಸರಿನಲ್ಲಿ, ಆಮೇಲೆ ಕೇಬಲ್ಲಿನಲ್ಲಿ ಸಹ ಕಾರಣ ಹುಡುಕಿದೆ. ನಡೆದದ್ದು ಸರಳ ಲೆಕ್ಕ. ಕೀ ಥ್ರೆಶೋಲ್ಡನ್ನು (ಕಂಪ್ರೆಸರ್ ಕೆಲಸ ಶುರುಮಾಡುವ ಮಟ್ಟವನ್ನು) 4 ಡೆಸಿಬೆಲ್‌ನಷ್ಟು ದಾಟುತ್ತಿತ್ತು, ರೇಶಿಯೋ 4:1 ಇತ್ತು (ದಾಟಿದ ಪ್ರತಿ 4 ಡೆಸಿಬೆಲ್‌ನಲ್ಲಿ 1 ಮಾತ್ರ ಉಳಿಯುತ್ತದೆ), ಹಾಗಾಗಿ ಬೇಸ್ 3 ಡೆಸಿಬೆಲ್ ತಗ್ಗುತ್ತಿತ್ತು. ಫೇಡರ್ ಇಳಿದಾಗ ಕೀ ಕೂಡ 3 ಡೆಸಿಬೆಲ್ ಇಳಿದು, ಥ್ರೆಶೋಲ್ಡನ್ನು ದಾಟುವ ಪ್ರಮಾಣ 1ಕ್ಕೆ ಬಂದು, ಬೇಸಿನ ತಗ್ಗು ಮುಕ್ಕಾಲು ಡೆಸಿಬೆಲ್‌ಗೆ ಕುಸಿಯಿತು. ಸೆಂಡನ್ನು ಪ್ರಿ-ಫೇಡರ್ ಮಾಡಿದ ಮೇಲೆ ಕಿಕ್ಕನ್ನು ಎಷ್ಟು ಏರಿಳಿಸಿದರೂ ಬೇಸಿನ ನಡವಳಿಕೆ ಬದಲಾಗಲಿಲ್ಲ.

ಈ ಲೆಕ್ಕದಿಂದ ಇನ್ನೊಂದು ಮಾತೂ ಹೊರಡುತ್ತದೆ. ಇಲ್ಲಿ ಥ್ರೆಶೋಲ್ಡ್ ಅಳೆಯುವುದು ಕಿಕ್ಕನ್ನು, ಬೇಸನ್ನಲ್ಲ. ಬೇಸ್ ಮೆಲ್ಲಗಿದ್ದರೂ ಜೋರಾಗಿದ್ದರೂ ತಗ್ಗುವ ಪ್ರಮಾಣ ಅಷ್ಟೇ. ಆದ್ದರಿಂದ ಬೇಸಿನ ಮಟ್ಟವೇ ಹೊಯ್ದಾಡುತ್ತಿದ್ದರೆ ಅದಕ್ಕೆ ಬೇರೆಯದೇ ಒಂದು ಸಾಮಾನ್ಯ ಕಂಪ್ರೆಸರ್ ಬೇಕು. ಅದನ್ನು ಸೈಡ್‌ಚೈನ್ ಕಂಪ್ರೆಸರಿಗಿಂತ ಮೊದಲು ಇಡಬೇಕು. ನಂತರ ಇಟ್ಟರೆ, ಕಿಕ್ಕಿಗಾಗಿ ತೋಡಿದ ಕುಳಿಯನ್ನು ಅದು ಮತ್ತೆ ಮುಚ್ಚಲು ಹೋಗುತ್ತದೆ.

ಮೊದಲು ಅತಿ, ಆಮೇಲೆ ಮಿತಿ

ಹೊಂದಿಸುವ ಕೆಲಸದಲ್ಲಿ ಬಹಳ ಜನ ಮೊದಲೇ ಮೆಲ್ಲಗೆ ಶುರುಮಾಡಿ, ಏನೂ ಕೇಳಿಸದೆ, ಗುಂಡಿಗಳನ್ನು ಕತ್ತಲಲ್ಲಿ ತಡಕಾಡಿದಂತೆ ತಿರುಗಿಸುತ್ತಾರೆ. ತಿರುವುಮುರುವಾಗಿ ಹೋಗುವುದು ಲೇಸು. ತಗ್ಗಿದ ಮಟ್ಟವನ್ನು ತಾನಾಗಿ ಏರಿಸಿಕೊಡುವ ಆಟೋ ಮೇಕಪ್ ಗೇನ್ ಇದ್ದರೆ ಅದನ್ನು ಮೊದಲು ಆಫ್ ಮಾಡಿ; ಇಲ್ಲವಾದರೆ ಥ್ರೆಶೋಲ್ಡ್ ಇಳಿಸಿದಷ್ಟೂ ಬೇಸ್ ಉಳಿದ ಹೊತ್ತಿನಲ್ಲಿ ಜೋರಾಗುತ್ತಾ ಹೋಗಿ, ನೀವು ಏನು ಕೇಳುತ್ತಿದ್ದೀರೆಂಬುದೇ ತಿಳಿಯದಾಗುತ್ತದೆ. ಡಿಟೆಕ್ಟರನ್ನು ಸರಾಸರಿ ಅಳೆಯುವ ಆರ್‌ಎಂಎಸ್ ವಿಧಾನದಿಂದ ಪೀಕ್ ವಿಧಾನಕ್ಕೆ ಬದಲಿಸಿ. ರೇಶಿಯೋ 4:1, ಅಟ್ಯಾಕ್ (ತಗ್ಗಲು ಹಿಡಿಯುವ ಹೊತ್ತು) 1 ಮಿಲಿಸೆಕೆಂಡ್, ರಿಲೀಸ್ (ಮತ್ತೆ ಮೇಲಕ್ಕೆ ಮರಳಲು ಹಿಡಿಯುವ ಹೊತ್ತು) 100 ಮಿಲಿಸೆಕೆಂಡ್ ಇಟ್ಟು, ಗೇನ್ ರಿಡಕ್ಷನ್ ಮೀಟರಿನ ಮುಳ್ಳು ಪ್ರತಿ ಕಿಕ್ಕಿಗೂ 8ರಿಂದ 10 ಡೆಸಿಬೆಲ್ ಬೀಳುವವರೆಗೆ ಥ್ರೆಶೋಲ್ಡನ್ನು ಇಳಿಸಿ. ಈಗ ಬೇಸ್ ಉಸಿರಾಡುವಂತೆ ಏರಿಳಿಯುವುದು ಎಂಥವರಿಗೂ ಕೇಳಿಸುತ್ತದೆ. ಈ ಅತಿಯ ಸ್ಥಿತಿಯಲ್ಲೇ ಅಟ್ಯಾಕ್ ಮತ್ತು ರಿಲೀಸ್‌ಗಳನ್ನು ಹೊಂದಿಸಿಕೊಂಡು, ಕೊನೆಗೆ ಥ್ರೆಶೋಲ್ಡನ್ನು ಮೇಲೆತ್ತಿ ತಗ್ಗನ್ನು 2ರಿಂದ 4 ಡೆಸಿಬೆಲ್‌ಗೆ ತರಬೇಕು. 3 ಡೆಸಿಬೆಲ್ ಎಂದರೆ ಅಲೆಯ ಎತ್ತರ ಸುಮಾರು ಶೇಕಡ 70ಕ್ಕೆ ಇಳಿದಂತೆ. ಕಿಕ್ಕಿಗೆ ಜಾಗ ಮಾಡಿಕೊಡಲು ಹೆಚ್ಚಿನ ಹಾಡುಗಳಲ್ಲಿ ಅಷ್ಟು ಸಾಲುತ್ತದೆ. ನೃತ್ಯಸಂಗೀತದಲ್ಲಿ ಬೇಕೆಂದೇ ಕೇಳಿಸುವ ಪಂಪಿಂಗ್ (ಉಸಿರಾಡುವಂಥ ಏರಿಳಿತ) ಬೇರೆಯ ಮಾತು, ಅಲ್ಲಿ ಅತಿಯೇ ಗುರಿ.

ಅಟ್ಯಾಕ್ ಬಗ್ಗೆ ಹೇಳುವುದು ಕಡಿಮೆ. ಕಿಕ್ಕಿನ ಮೊದಲ ಪೆಟ್ಟಿಗೇ ಜಾಗ ಬೇಕಾದ್ದರಿಂದ ಅದು ಚುರುಕಾಗಿರಬೇಕು. 1ರಿಂದ 5 ಮಿಲಿಸೆಕೆಂಡ್ ನಡುವೆ ಎಲ್ಲೋ ಒಂದು ಕಡೆ ಸರಿಹೋಗುತ್ತದೆ. ಸೊನ್ನೆಗೆ ಇಳಿಸಿದರೆ, ಬೇಸಿನ ಅಲೆ ಅರ್ಧ ಏರಿದಲ್ಲೇ ಥಟ್ಟನೆ ಕುಸಿದು ಒಂದು ಸಣ್ಣ ಟಿಕ್ ಸದ್ದು ಬರುತ್ತದೆ. ಆ ಟಿಕ್ ಕೇಳಿಸಿದರೆ ಕೇಳಿಸದಂತಾಗುವವರೆಗೆ ಅಟ್ಯಾಕನ್ನು ಹಿಗ್ಗಿಸಿ. ಪ್ಲಗಿನ್ನಿನಲ್ಲಿ ಲುಕ್‌ಅಹೆಡ್ ಇದ್ದರೆ ಇನ್ನೂ ಅನುಕೂಲ: ಅದು ಕೀಯನ್ನು ಕೆಲವು ಮಿಲಿಸೆಕೆಂಡ್ ಮುಂಚಿತವಾಗಿ ನೋಡಿಕೊಳ್ಳುವುದರಿಂದ, ನಿಧಾನವಾದ ನುಣುಪಾದ ಅಟ್ಯಾಕ್ ಇಟ್ಟರೂ ಬೇಸ್ ಹೊತ್ತಿಗೆ ಸರಿಯಾಗಿ ಸರಿದು ನಿಂತಿರುತ್ತದೆ.

ರಿಲೀಸ್: ಇಲ್ಲಿ ನಿಧಾನಿಸಿ

ಸೈಡ್‌ಚೈನ್ ಚೆನ್ನಾಗಿ ಕೂತಿದೆಯೋ ಇಲ್ಲವೋ ಎಂಬುದು ಮುಕ್ಕಾಲು ಪಾಲು ರಿಲೀಸಿನ ಮೇಲೆ ನಿಂತಿದೆ. ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಹಾಡಿನ ವೇಗ ನಿಮಿಷಕ್ಕೆ 96 ಬೀಟ್ ಎಂದುಕೊಳ್ಳಿ. 60,000ವನ್ನು 96ರಿಂದ ಭಾಗಿಸಿದರೆ ಒಂದು ಬೀಟಿಗೆ 625 ಮಿಲಿಸೆಕೆಂಡ್ ಸಿಗುತ್ತದೆ. ಅದರ ಅರ್ಧ ಸುಮಾರು 312, ಕಾಲು ಸುಮಾರು 156. ಕಿಕ್ ಒಂದನೇ ಬೀಟಿನಲ್ಲಿ, ಎರಡನೇ ಬೀಟಿನ ನಂತರದ ಅರ್ಧದಲ್ಲಿ, ಮತ್ತು ಮೂರನೇ ಬೀಟಿನಲ್ಲಿ ಬೀಳುತ್ತದೆ. ಬೇಸ್ ವಾದಕ 55 ಹರ್ಟ್ಸ್ ಸ್ವರವನ್ನು ಇಡೀ ಬಾರ್ (ನಾಲ್ಕು ಬೀಟಿನ ಸುತ್ತು) ಉದ್ದಕ್ಕೂ ಎಳೆದು ನಿಲ್ಲಿಸಿದ್ದಾನೆ. ಪರದೆಯಲ್ಲಿ ಅಳೆದರೆ ಕಿಕ್ಕಿನ ದಪ್ಪ ಭಾಗ ಸುಮಾರು 120 ಮಿಲಿಸೆಕೆಂಡ್‌ವರೆಗೆ ಇದೆ.

ರಿಲೀಸನ್ನು 20 ಮಿಲಿಸೆಕೆಂಡ್ ಇಟ್ಟರೆ ಏನಾಗುತ್ತದೆ? ಕಿಕ್ಕಿನ 60 ಹರ್ಟ್ಸ್ ಅಲೆಯ ಒಂದು ಸುತ್ತಿಗೇ ಸುಮಾರು 17 ಮಿಲಿಸೆಕೆಂಡ್ ಹಿಡಿಯುತ್ತದೆ. ಡಿಟೆಕ್ಟರ್ ಕಿಕ್ಕಿನ ಒಟ್ಟು ಆಕಾರವನ್ನು ಹಿಡಿಯುವ ಬದಲು ಅದರ ಒಂದೊಂದು ಅಲೆಯ ಏರಿಳಿತವನ್ನೂ ಹಿಂಬಾಲಿಸಿ, ಆ ನಡುಕವನ್ನೆಲ್ಲ ಬೇಸಿನ ಮೇಲೆ ಮುದ್ರಿಸುತ್ತದೆ. ಬೇಸ್ ಹರಿದ ಸ್ಪೀಕರಿನಿಂದ ಬಂದಂತೆ ಗುರುಗುಟ್ಟುತ್ತದೆ. ಅಷ್ಟಲ್ಲದೆ, ಕಿಕ್ಕಿನ ದೇಹ ಇನ್ನೂ ಮುಗಿಯುವ ಮೊದಲೇ ಬೇಸ್ ನುಗ್ಗಿ ಬರುತ್ತದೆ. ಇನ್ನೊಂದು ತುದಿಗೆ ಹೋಗಿ 500 ಮಿಲಿಸೆಕೆಂಡ್ ಇಟ್ಟರೆ, ಎರಡನೇ ಕಿಕ್ಕಿಗೂ ಮೂರನೇ ಕಿಕ್ಕಿಗೂ ನಡುವೆ ಇರುವ 312 ಮಿಲಿಸೆಕೆಂಡ್ ಸಾಲದೆ ಮೀಟರಿನ ಮುಳ್ಳು ಸೊನ್ನೆಗೆ ಮರಳುವುದೇ ಇಲ್ಲ. ಬೇಸ್ ಯಾವಾಗಲೂ ಅರ್ಧ ತಗ್ಗಿಯೇ ಇರುತ್ತದೆ. ಅದಕ್ಕಿಂತ ಫೇಡರನ್ನೇ ಇಳಿಸಬಹುದಿತ್ತು.

ಕಾಲು ಬೀಟಿನ ಅಳತೆಯಾದ 156ರ ಆಸುಪಾಸಿನಿಂದ ಶುರುಮಾಡಿ ಕೆಳಕ್ಕೆ ಬಂದರೆ, 130ರ ಹತ್ತಿರ ಎಲ್ಲೋ ಬೇಸಿನ ಮರಳುವಿಕೆ ಹಾಡಿನ ಲಯಕ್ಕೆ ಸೇರಿಕೊಳ್ಳುತ್ತದೆ. ಕಿಕ್ ಮುಗಿಯುವುದೂ ಬೇಸ್ ತುಂಬುವುದೂ ಒಂದೇ ಚಲನೆಯಂತೆ, ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ಚೆಂಡು ದಾಟಿದಂತೆ ಕೇಳಿಸುವ ಜಾಗ ಅದು. ಆ ಜಾಗವನ್ನು ಹುಡುಕಲು ನಾನು ಕಣ್ಣು ಮುಚ್ಚಿ, ತೊಡೆಯ ಮೇಲೆ ತಾಳ ಹಾಕುತ್ತಾ ಗುಂಡಿಯನ್ನು ತಿರುಗಿಸುತ್ತೇನೆ. ಏಕೆಂದರೆ ಮಿಲಿಸೆಕೆಂಡಿನ ಅಂಕಿಯನ್ನು ಪೂರ್ತಿ ನಂಬುವಂತಿಲ್ಲ. ರಿಲೀಸ್ ಶುರುವಾಗುವುದು ಕಿಕ್ ಬಡಿದ ಗಳಿಗೆಯಿಂದಲ್ಲ, ಅದರ ಮಟ್ಟ ಕುಸಿಯತೊಡಗಿದ ಗಳಿಗೆಯಿಂದ. ಜೊತೆಗೆ ಒಂದು ಪ್ಲಗಿನ್ 100 ಮಿಲಿಸೆಕೆಂಡ್ ಎನ್ನುವುದು ಇನ್ನೊಂದರ 100ಕ್ಕೆ ಸಮನಾಗಿರುವುದಿಲ್ಲ. ಕಿಕ್ಕಿಗೆ ಉದ್ದನೆಯ ಬಾಲವಿದ್ದರೆ ಅಂಕಿಯನ್ನು ಇನ್ನೂ ಕಿರಿದು ಮಾಡಬೇಕಾಗುತ್ತದೆ.

ಯಾವ ಮಾದರಿಯ ಕಂಪ್ರೆಸರ್ ಎಂಬುದೂ ಇಲ್ಲೇ ಮುಖ್ಯವಾಗುತ್ತದೆ. ಎಲ್‌ಎ-2ಎ ತರಹದ, ಬೆಳಕಿನ ಮೇಲೆ ಕೆಲಸ ಮಾಡುವ ಆಪ್ಟಿಕಲ್ ಯಂತ್ರಗಳ ಅನುಕರಣೆಗಳು ಹಾಡುಗಾರಿಕೆಗೆ ಎಷ್ಟೇ ಸೊಗಸಾಗಿದ್ದರೂ ಈ ಕೆಲಸಕ್ಕೆ ಬಾರವು. ಅವುಗಳ ರಿಲೀಸ್ ಎರಡು ಹಂತದ್ದು. ಅರ್ಧ ಬೇಗ ಮರಳಿ, ಉಳಿದರ್ಧ ಸೆಕೆಂಡುಗಟ್ಟಲೆ ತೆವಳುತ್ತದೆ. ಸಾಫ್ಟ್‌ವೇರಿನ ಜೊತೆಗೇ ಬರುವ, ಬಣ್ಣವಿಲ್ಲದ, ಸಾದಾ ಡಿಜಿಟಲ್ ಕಂಪ್ರೆಸರೇ ಇಲ್ಲಿ ಒಳ್ಳೆಯ ಆಳು.

ಕೀಯೇ ಕೊಳಕಾಗಿದ್ದರೆ

ಡ್ರಮ್ ಮೆಷಿನ್ನಿನಿಂದ ಬಂದ ಕಿಕ್ ಆಗಿದ್ದರೆ ಇಷ್ಟಕ್ಕೆ ಕೆಲಸ ಮುಗಿಯಿತು. ನಿಜವಾದ ಡ್ರಮ್ ಸೆಟ್ಟನ್ನು ಒಂದು ಸಣ್ಣ ಕೋಣೆಯಲ್ಲಿ ರೆಕಾರ್ಡ್ ಮಾಡಿದ್ದರೆ ಕಿಕ್ ಮೈಕಿನೊಳಗೆ ಸ್ನೇರ್ ಡ್ರಮ್ಮಿನ ಸದ್ದು ಕೂಡ ಧಾರಾಳವಾಗಿ ಸೋರಿಕೊಂಡಿರುತ್ತದೆ, ಆಗ ಪ್ರತಿ ಸ್ನೇರಿಗೂ ಬೇಸ್ ಬೆಚ್ಚಿ ಕುಗ್ಗುತ್ತದೆ. ಪರಿಹಾರ ಮೂರು ಬಗೆಯದು. ಕಂಪ್ರೆಸರಿನ ಡಿಟೆಕ್ಟರಿಗೆ ಪ್ರತ್ಯೇಕ ಫಿಲ್ಟರ್ ಇದ್ದರೆ, 100 ಹರ್ಟ್ಸ್‌ನ ಆಸುಪಾಸಿನಲ್ಲಿ ಲೋಪಾಸ್ ಇಟ್ಟು ಸ್ನೇರನ್ನು ಅದರ ಕಿವಿಗೆ ಬೀಳದಂತೆ ಮಾಡಬಹುದು. ಅದು ಸಾಲದಿದ್ದರೆ ಕಿಕ್ ಟ್ರ್ಯಾಕಿನ ಒಂದು ನಕಲನ್ನು ಮಾಡಿಕೊಂಡು, ಅದರ ಮೇಲೆ ಬಿಗಿಯಾದ ಗೇಟ್ (ಒಂದು ಮಟ್ಟ ಮೀರಿದ ಸದ್ದನ್ನು ಮಾತ್ರ ಬಿಡುವ ಸಾಧನ) ಹಾಕಿ, ಆ ನಕಲನ್ನು ಮಾಸ್ಟರಿಗೆ ಹೋಗದಂತೆ ತಡೆದು ಕೀಯಾಗಿ ಮಾತ್ರ ಬಳಸಬಹುದು. ಅದು ಯಾರಿಗೂ ಕೇಳಿಸದ ಕಾರಣ ಗೇಟ್ ಎಷ್ಟು ಒರಟಾಗಿ ಕತ್ತರಿಸಿದರೂ ನಡೆಯುತ್ತದೆ.

ಮೂರನೆಯದು ನನಗೆ ಮೆಚ್ಚಾದದ್ದು. ಹೊಸದೊಂದು ಟ್ರ್ಯಾಕಿನಲ್ಲಿ, ಪ್ರತಿ ಕಿಕ್ಕಿನ ಜಾಗದಲ್ಲೂ ಒಂದು ಚಿಕ್ಕ ಸದ್ದಿನ ತುಣುಕನ್ನು ಕೈಯಿಂದಲೇ ಇಡುತ್ತಾ ಹೋಗುವುದು. ಈ ಮೂಕ ಕಿಕ್ಕನ್ನು ಕೇಳುವುದು ಡಿಟೆಕ್ಟರ್ ಮಾತ್ರ. ಮೂರು ನಿಮಿಷದ ಹಾಡಿಗೆ ಇದು ಬೇಸರದ ಕೆಲಸವೆನ್ನಿಸಬಹುದು, ಆದರೆ ಲಾಭಗಳನ್ನು ನೋಡಿ. ಡ್ರಮ್ಮರ್ ಒಂದು ಪೆಟ್ಟನ್ನು ಮೆಲ್ಲಗೆ, ಇನ್ನೊಂದನ್ನು ಜೋರಾಗಿ ಬಡಿದಿದ್ದರೂ ಬೇಸ್ ಒಂದೇ ಸಮನೆ ತಗ್ಗುತ್ತದೆ. ತುಣುಕಿನ ಉದ್ದವನ್ನು ಬದಲಿಸಿ ತಗ್ಗು ಎಷ್ಟು ಹೊತ್ತು ನಿಲ್ಲಬೇಕೆಂಬುದನ್ನು ನಿರ್ಧರಿಸಬಹುದು. ಇಡೀ ಟ್ರ್ಯಾಕನ್ನು 5 ಮಿಲಿಸೆಕೆಂಡ್ ಮೊದಲೇ ಬರುವಂತೆ ಎಳೆದರೆ ಲುಕ್‌ಅಹೆಡ್ ಇಲ್ಲದ ಕಂಪ್ರೆಸರಿಗೂ ಲುಕ್‌ಅಹೆಡ್ ಬಂದಂತಾಗುತ್ತದೆ. ಕಿಕ್ ಇಲ್ಲದ ಜಾಗದಲ್ಲಿಯೂ ಬೇಕಿದ್ದರೆ ಬೇಸನ್ನು ತಗ್ಗಿಸಬಹುದು, ಇರುವ ಜಾಗದಲ್ಲಿ ಬೇಡವೆಂದರೆ ಆ ತುಣುಕನ್ನು ಅಳಿಸಬಹುದು.

ತಳವನ್ನು ಮಾತ್ರ ತಗ್ಗಿಸುವುದು

ಇಲ್ಲಿಯವರೆಗೆ ಇಡೀ ಬೇಸನ್ನೇ ತಗ್ಗಿಸಿದೆವು. ಜಗಳ ಇದ್ದದ್ದು ತಳದಲ್ಲಿ ಮಾತ್ರ. ಬೆರಳು ತಂತಿಯ ಮೇಲೆ ಉಜ್ಜುವ ಸದ್ದು, 200 ಹರ್ಟ್ಸ್‌ನಿಂದ ಮೇಲಿನ ಉಪಸ್ವರಗಳು ಯಾವ ತಪ್ಪನ್ನೂ ಮಾಡಿರಲಿಲ್ಲ. ಬೇಸ್ ಟ್ರ್ಯಾಕನ್ನು ಎರಡಾಗಿ ನಕಲು ಮಾಡಿ, ಒಂದರಲ್ಲಿ 150 ಹರ್ಟ್ಸ್‌ನ ಕೆಳಗಿನದನ್ನು, ಇನ್ನೊಂದರಲ್ಲಿ ಮೇಲಿನದನ್ನು ಮಾತ್ರ ಉಳಿಸಿ, ಕೆಳಗಿನದಕ್ಕೆ ಮಾತ್ರ ಸೈಡ್‌ಚೈನ್ ಕೊಟ್ಟರೆ ಮೇಲ್ಭಾಗ ಅಲುಗಾಡದೆ ನಿಲ್ಲುತ್ತದೆ. ಮೂಲಸ್ವರ ಕ್ಷಣಹೊತ್ತು ತಗ್ಗಿದರೂ ಉಪಸ್ವರಗಳ ಆಧಾರದ ಮೇಲೆ ಕಿವಿ ಅದನ್ನು ಊಹಿಸಿಕೊಳ್ಳುವುದರಿಂದ ಬೇಸ್ ಕಾಣೆಯಾಯಿತೆಂದು ಯಾರಿಗೂ ಅನ್ನಿಸುವುದಿಲ್ಲ. 5 ಅಥವಾ 6 ಡೆಸಿಬೆಲ್ ತಗ್ಗಿಸಿದರೂ ಗುಟ್ಟು ಹೊರಬೀಳುವುದಿಲ್ಲ.

ಎರಡು ಭಾಗಗಳನ್ನು ಬೇರ್ಪಡಿಸುವ ಫಿಲ್ಟರುಗಳು ಒಂದೇ ಬಗೆಯವು, ಒಂದೇ ಆವರ್ತನದವು ಆಗಿರಬೇಕು. ಆಕ್ಟೇವಿಗೆ 24 ಡೆಸಿಬೆಲ್ ಇಳಿಜಾರಿನ ಲಿಂಕ್‌ವಿಟ್ಸ್-ರೈಲಿ ಬಗೆಯದಾದರೆ ಮತ್ತೆ ಕೂಡಿಸಿದಾಗ ಮಟ್ಟ ಸಮತಟ್ಟಾಗಿ ಬರುತ್ತದೆ. ಕಂಪ್ರೆಸರ್ ಹಾಕುವ ಮೊದಲು ಎರಡನ್ನೂ ಕೂಡಿಸಿ ಮೂಲ ಟ್ರ್ಯಾಕಿನೊಡನೆ ಹೋಲಿಸಿ. 150ರ ಆಸುಪಾಸಿನಲ್ಲಿ ಟೊಳ್ಳು ಕೇಳಿಸಿದರೆ ಜೋಡಣೆಯಲ್ಲಿ ದೋಷವಿದೆಯೆಂದೇ ಅರ್ಥ. ಸೈಡ್‌ಚೈನ್ ಸೌಲಭ್ಯವುಳ್ಳ ಮಲ್ಟಿಬ್ಯಾಂಡ್ ಕಂಪ್ರೆಸರ್ ಅಥವಾ ಡೈನಮಿಕ್ ಈಕ್ವಲೈಸರ್ ಇದ್ದವರು ಈ ನಕಲಿನ ತಾಪತ್ರಯವಿಲ್ಲದೆ ಒಂದೇ ಪ್ಲಗಿನ್ನಿನಲ್ಲಿ ಇದನ್ನು ಮುಗಿಸಬಹುದು.

ಡ್ರಮ್ಮಿನ ಕಡೆಗೆ ಎರಡು ಮಾತು

ಎಲ್ಲ ಡ್ರಮ್ ಟ್ರ್ಯಾಕುಗಳನ್ನು ಸೇರಿಸಿದ ಬಸ್ಸಿನ ಮೇಲೆ ಒಂದು ಕಂಪ್ರೆಸರ್ ಹಾಕುವುದು ವಾಡಿಕೆ. ಅಲ್ಲಿ ಕಿಕ್ಕಿನ ತಳವೇ ಡಿಟೆಕ್ಟರನ್ನು ಆಳುವುದರಿಂದ, ಪ್ರತಿ ಕಿಕ್ಕಿಗೂ ಸಿಂಬಲ್‌ಗಳು ಮುಳುಗಿ ಏಳುತ್ತವೆ. ಅದೇ ಕಂಪ್ರೆಸರಿನ ಸೈಡ್‌ಚೈನ್ ಫಿಲ್ಟರಿನಲ್ಲಿ 100 ಹರ್ಟ್ಸ್‌ನ ಹೈಪಾಸ್ ಇಟ್ಟರೆ ಡಿಟೆಕ್ಟರ್ ಸ್ನೇರಿನ ಕಡೆಗೆ ಗಮನ ಕೊಡುತ್ತದೆ, ಕಿಕ್ ತನ್ನ ತೂಕವನ್ನು ಉಳಿಸಿಕೊಂಡು ಹಾದುಹೋಗುತ್ತದೆ. ಹೊರಗಿನ ಕೀ ಇಲ್ಲದಿದ್ದರೂ ಇದೂ ಸೈಡ್‌ಚೈನಿನ ಬಳಕೆಯೇ.

ಕಿಕ್ಕಿಗೇ ತಳ ಕಡಿಮೆಯಿದ್ದರೆ, 50 ಅಥವಾ 55 ಹರ್ಟ್ಸ್‌ನ ಒಂದು ಸೈನ್ ಅಲೆಯನ್ನು ಬೇರೆ ಟ್ರ್ಯಾಕಿನಲ್ಲಿ ಹರಿಯಬಿಟ್ಟು, ಅದರ ಮೇಲೆ ಗೇಟ್ ಹಾಕಿ, ಗೇಟಿನ ಕೀಯಾಗಿ ಕಿಕ್ಕನ್ನು ಕೊಡಿ. ಕಿಕ್ ಬಡಿದಾಗ ಮಾತ್ರ ಬಾಗಿಲು ತೆರೆದು ಆ ಅಲೆ ಹೊರಬರುತ್ತದೆ. ಇದನ್ನು ಬಳಸಿದ ಮೇಲೆ ಬೇಸಿಗೆ ಕೊಟ್ಟ ತಗ್ಗನ್ನು ಮತ್ತೊಮ್ಮೆ ಪರಿಶೀಲಿಸಬೇಕು, ಏಕೆಂದರೆ ಕಿಕ್ ಈಗ ಮೊದಲಿಗಿಂತ ಉದ್ದವಾಗಿದೆ.

ಕೇಳಿ ತೀರ್ಮಾನಿಸುವುದು

ಮನೆಯ ಕೋಣೆಗಳು ತಳದ ವಿಷಯದಲ್ಲಿ ಸುಳ್ಳು ಹೇಳುತ್ತವೆ. ಸುಮಾರು 3.4 ಮೀಟರ್ ಉದ್ದದ ಕೋಣೆಯಲ್ಲಿ ಆ ಎರಡು ಗೋಡೆಗಳ ನಡುವಿನ ಮೊದಲ ಅನುರಣನ 50 ಹರ್ಟ್ಸ್‌ನ ಹತ್ತಿರ ಬೀಳುತ್ತದೆ, ಅಂದರೆ ನಮ್ಮ ಜಗಳದ ಓಣಿಯಲ್ಲೇ. ಆ ಆವರ್ತನ ಗೋಡೆಯ ಬಳಿ ಉಬ್ಬಿಯೂ ಕೋಣೆಯ ನಟ್ಟನಡುವೆ ಬತ್ತಿಯೂ ಕೇಳಿಸುತ್ತದೆ. ಹಾಗಾಗಿ ಕುರ್ಚಿಯನ್ನು ಸರಿಸಿದರೆ ಮಿಕ್ಸೇ ಬದಲಾದಂತಾಗುವುದು ಭ್ರಮೆಯಲ್ಲ. ತೀರ್ಮಾನವನ್ನು ಹೆಡ್‌ಫೋನಿನಲ್ಲಿ ತೆಗೆದುಕೊಂಡು, ಸ್ಪೀಕರಿನಲ್ಲಿ ಸರಿನೋಡುವುದು ಸಣ್ಣ ಕೋಣೆಯವರಿಗೆ ಕ್ಷೇಮ. ಕೇಳುವ ಮಟ್ಟವನ್ನೂ ಬದಲಿಸದೆ ಇಟ್ಟುಕೊಳ್ಳಬೇಕು. ಮೆಲುದನಿಯಲ್ಲಿ ಕಿವಿಗೆ ತಳ ಕಡಿಮೆ ಕೇಳಿಸುತ್ತದೆಂಬುದನ್ನು ಸಂಶೋಧಕರಾದ ಫ್ಲೆಚರ್ ಮತ್ತು ಮನ್‌ಸನ್ 1933ರಲ್ಲೇ ಅಳೆದು ತೋರಿಸಿದ್ದರು. ಇವತ್ತು ಮೆಲ್ಲಗೆ, ನಾಳೆ ಜೋರಾಗಿ ಕೇಳಿ ಹೊಂದಿಸಿದ ತಳ ಎರಡು ದಿನವೂ ಬೇರೆಬೇರೆಯೇ ಆಗಿರುತ್ತದೆ.

ಕಂಪ್ರೆಸರನ್ನು ಬೈಪಾಸ್ ಮಾಡಿ ಹೋಲಿಸುವಾಗ ಬೇಸ್ ಜೋರಾಗುವುದು ಸಹಜ, ಜೋರಾದದ್ದೇ ಚೆನ್ನಾಗಿದೆಯೆಂದು ಕಿವಿ ಮೋಸಹೋಗುವುದೂ ಸಹಜ. ಸೈಡ್‌ಚೈನ್ ಇದ್ದಾಗ ಬೇಸಿನ ಮಟ್ಟವನ್ನು ಅರ್ಧ ಡೆಸಿಬೆಲ್‌ನಷ್ಟು ಏರಿಸಿ, ಎರಡೂ ಸ್ಥಿತಿಗಳು ಸಮ ಅನ್ನಿಸುವಂತೆ ಮಾಡಿಕೊಂಡು ಹೋಲಿಸಿ. ಕಿಕ್ ಮತ್ತು ಬೇಸ್ ಎರಡನ್ನೇ ಸೋಲೋ ಮಾಡಿದಾಗ ಏರಿಳಿತ ಸ್ವಲ್ಪ ಕೇಳಿಸಿದರೂ ಚಿಂತೆಯಿಲ್ಲ, ಇಡೀ ಹಾಡಿನೊಳಗೆ ಅದು ಕೇಳಿಸಬಾರದು.

ಹಾಡಿನ ಎಲ್ಲ ಭಾಗಗಳಿಗೂ ಒಂದೇ ಹೊಂದಾಣಿಕೆ ಒಗ್ಗದಿರಬಹುದು. ಡ್ರಮ್ಮರ್ ಫಿಲ್ ಬಾರಿಸುತ್ತಾ ಕಿಕ್ಕನ್ನು ಸಾಲಾಗಿ ಬಡಿದರೆ ಬೇಸ್ ಅಷ್ಟು ಹೊತ್ತೂ ತಲೆಯೆತ್ತುವುದಿಲ್ಲ. ಅಂಥ ಕಡೆ ಥ್ರೆಶೋಲ್ಡನ್ನು ಆಟೊಮೇಷನ್ನಿನಿಂದ ಮೇಲೆತ್ತಬೇಕು. ಕಿಕ್ ಇಲ್ಲದ ಭಾಗದಲ್ಲಿ ಬೇಸ್ ಇದ್ದಕ್ಕಿದ್ದಂತೆ ದಪ್ಪಗಾದಂತೆ ಕೇಳಿಸಿದರೆ ಅಲ್ಲಿ ಫೇಡರನ್ನು ಒಂದು ಡೆಸಿಬೆಲ್ ಇಳಿಸಿದರೆ ಸಾಕು.

ಮಾಸ್ಟರಿಂಗಿಗೋ ಬೇರೆಯವರ ಮಿಕ್ಸಿಗೋ ಕಳುಹಿಸಲು ಟ್ರ್ಯಾಕುಗಳನ್ನು ಒಂದೊಂದಾಗಿ ಎಕ್ಸ್‌ಪೋರ್ಟ್ ಮಾಡುವಾಗ ಇನ್ನೊಂದು ತೊಡಕು ಕಾದಿರುತ್ತದೆ. ಬೇಸನ್ನು ಸೋಲೋ ಮಾಡಿ ಎಕ್ಸ್‌ಪೋರ್ಟ್ ಮಾಡಿದರೆ ಕೆಲವು ಸಾಫ್ಟ್‌ವೇರುಗಳಲ್ಲಿ ಮ್ಯೂಟ್ ಆದ ಕಿಕ್ ಕೀಯನ್ನೂ ಕಳುಹಿಸುವುದಿಲ್ಲ, ಹೊರಬಂದ ಬೇಸ್ ಫೈಲಿನಲ್ಲಿ ತಗ್ಗೇ ಇರುವುದಿಲ್ಲ. ಆದ್ದರಿಂದ ಎಕ್ಸ್‌ಪೋರ್ಟ್ ಆದ ಫೈಲನ್ನು ಮತ್ತೆ ಪ್ರಾಜೆಕ್ಟಿಗೆ ತಂದು, ಹಿಗ್ಗಿಸಿ ನೋಡಿ, ಪ್ರತಿ ಕಿಕ್ಕಿನ ಜಾಗದಲ್ಲೂ ಬೇಸಿನ ಅಲೆ ಸೊಂಟ ಕಿರಿದು ಮಾಡಿಕೊಂಡಿದೆಯೆಂದು ಖಚಿತಪಡಿಸಿಕೊಂಡ ನಂತರವೇ ಕಳುಹಿಸಿ.